ಕ್ಯಾಮೆರಾ ಮುಂದಿನ ಅಣ್ಣ

"ಇವನು ಅಣ್ಣ, ನೀನು ತಂಗಿ. ಹೀಗೆ ನಿಂತ್ಕೊಳ್ಳಿ," ಅಂದ ಬಿಳಿಯ.

ಲೂಪೆ ಬೆಚ್ಚಿ ತಿರುಗಿದಳು. ಪಕ್ಕದಲ್ಲಿ ನಿಂತ ಫಿಲಿಪೊ, ಮುಂದಿನ ತಿಂಗಳು ಅವಳನ್ನು ಕೊಡಿ ಅಂತ ಅಪ್ಪನ ಹತ್ತಿರ ಕೇಳಲು ಬರಬೇಕಿದ್ದವನು!

ಸವಾಯಿ ದ್ವೀಪದ ನಮ್ಮೂರ ಬದುಕನ್ನು ಚಿತ್ರ ಮಾಡಲು ಬಂದ ಆ ಪುಣ್ಯಾತ್ಮನಿಗೆ ನಮ್ಮ ಕಟ್ಟುಪಾಡು ಏನು ಗೊತ್ತು? ನಮ್ಮಲ್ಲಿ ಅಣ್ಣನಾದವನು ತಂಗಿಯ ಹತ್ತಿರ ಸಲಿಗೆಯಿಂದ ಇರುವ ಹಾಗಿಲ್ಲ. ತಂಗಿಯ ಮಾತು ಮೀರುವ ಹಾಗೂ ಇಲ್ಲ, ಮೀರಿದರೆ ಅವಳ ಶಾಪ ತಟ್ಟುತ್ತದೆ. ಆದರೂ ನಮ್ಮ ಹಿರಿಯರು ಬಿಳಿಯನ ಜೊತೆ ಕೂತು ಆವಾ ಬೇರಿನ ರಸ ಕುಡಿದು, "ಆಗಲಿ" ಅಂದುಬಿಟ್ಟರು.

ಅಂದಿನಿಂದ ಫಿಲಿಪೊ ಅವಳತ್ತ ಕಣ್ಣೆತ್ತಿಯೂ ನೋಡಲಿಲ್ಲ.

'ಆಟಕ್ಕೆ ಅಣ್ಣನಾಗು ಅಂದರೆ ನಿಜವಾಗಿಯೂ ಆಗಿಬಿಟ್ಟನಲ್ಲ... ನಾನು ಬೇಡವಾದೆನಾ?' ಲೂಪೆ ಒಳಗೊಳಗೇ ಕುದಿದಳು.

ಕೊನೆಯ ದೃಶ್ಯ ಬಂತು. ಅಣ್ಣ ದೋಣಿಯಲ್ಲಿ ಹವಳದ ದಿಬ್ಬ ದಾಟಬೇಕು, ತಂಗಿ ದಡದಲ್ಲಿ ನಿಂತು ನೋಡಬೇಕು.

ಎರಡು ದಿನದಿಂದ ಗಾಳಿಯೇ ಇಲ್ಲದೆ ಸಮುದ್ರ ಗುಡುಗುತ್ತಿತ್ತು. ಬೆಳಗ್ಗೆ ಕಡಲಹಕ್ಕಿಗಳೆಲ್ಲ ಗುಡ್ಡದ ಕಡೆ ಹಾರಿಹೋಗಿದ್ದವು. ಹಿರಿಯರು ಇವತ್ತು ಬೇಡವೆಂದರು.

"ಅಲೆ ದೊಡ್ಡದಿದ್ದಷ್ಟೂ ಚಿತ್ರ ಚೆನ್ನಾಗಿ ಬರುತ್ತೆ," ಅಂದ ಬಿಳಿಯ.

"ಚಿತ್ರ ಮುಗಿಸಿಕೊಡ್ತೀನಿ ಅಂತ ಮಾತು ಕೊಟ್ಟಾಗಿದೆ," ಅಂತ ಫಿಲಿಪೊ ದೋಣಿ ನೂಕಿ ಹತ್ತಿದ.

ಲೂಪೆ ಮೊಣಕಾಲುದ್ದ ನೀರಿಗೆ ಓಡಿದಳು. "ಹೋಗ್ಬೇಡ ಫಿಲಿಪೊ. ನನಗೋಸ್ಕರ..."

ಅವನು ಕೇಳಿಸದವನಂತೆ ಹುಟ್ಟು ಎತ್ತಿಕೊಂಡ. ದೂರದಲ್ಲಿ ನೀರು ಗೋಡೆಯಂತೆ ಏಳುತ್ತಿತ್ತು.

ಅವನನ್ನು ನಿಲ್ಲಿಸುವ ಮಾತು ಒಂದೇ ಉಳಿದಿತ್ತು. ಅದನ್ನಾಡಿದರೆ ಊರೆದುರು ಅವಳು ಅವನಿಗೆ ತಂಗಿಯೇ ಆಗಿಬಿಡುತ್ತಾಳೆ. 'ಆಗಲಿ... ಬದುಕಿದ್ದರೆ ಸಾಕು.'

"ನಿನ್ನ ತಂಗಿ ಹೇಳ್ತಿದೀನಿ. ಇಳಿ."

ಅವನ ಕೈ ನಿಂತಿತು. ಇಳಿದು ಅವಳನ್ನು ದಡಕ್ಕೆ ಎಳೆದುಕೊಂಡು ಓಡಿದ. ಖಾಲಿ ದೋಣಿಯನ್ನು ಅಲೆ ಎತ್ತಿ ಹವಳಕ್ಕೆ ಅಪ್ಪಳಿಸಿ ಚೂರುಚೂರು ಮಾಡಿತು. ಬಿಳಿಯ ಕ್ಯಾಮೆರಾದ ಹಿಡಿ ತಿರುಗಿಸುತ್ತಲೇ ಇದ್ದ.

ಲೂಪೆ ಮರಳಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಜೀವ ಉಳಿದಿತ್ತು, ಅವನು ಕೈತಪ್ಪಿದ್ದ.

ಫಿಲಿಪೊ ಬಂದು ತೋಳಿಗೆ ತೋಳು ತಾಗುವಂತೆ ಪಕ್ಕದಲ್ಲಿ ಕೂತ. ಊರಿಗೆ ಊರೇ ನೋಡುತ್ತಿತ್ತು.

"ಏಳೋ ಮಾರಾಯ. ಅಣ್ಣ ಆದವನು ಹೀಗೆ ಕೂರ್ತಾನಾ?" ಅಂದಳು ಲೂಪೆ.

"ಕೂರಲ್ಲ."

"ಮತ್ತೆ ನೀನು?"

"ಕೂತಿದೀನಲ್ಲ." ಅವಳ ಮುಖವನ್ನೇ ನೋಡಿದ. "ಚಿತ್ರ ಮುಗಿಯೋವರೆಗೆ ಅಣ್ಣ ಅಂತ ಹಿರಿಯರಿಗೆ ಮಾತು ಕೊಟ್ಟಿದ್ದೆ. ಇಷ್ಟು ದಿನ ಹೇಗಿದ್ದೆನೋ ನನಗೇ ಗೊತ್ತು, ಲೂಪೆ. ದೋಣಿ ಹೋಯ್ತು, ಚಿತ್ರ ಮುಗೀತು. ಸಂಜೆ ನಿಮ್ಮಪ್ಪನ ಹತ್ರ ಬರ್ತೀನಿ."

"ಬೈತಾರೆ."

"ಬೈಲಿ."

ಲೂಪೆ ಕಣ್ಣೊರೆಸಿಕೊಂಡಳು. ಅವಳೂ ಏಳಲಿಲ್ಲ.