ಐದು ಸ್ಟಾರಿನ ಸೈಕಲ್ಲು

ಧಡ್ ಎಂಬ ಸದ್ದು. ಟೈಲರಮ್ಮ ಹೊಲಿಗೆ ಬಿಟ್ಟು ಒಳಗೆ ಓಡಿದಳು.

ಗಂಡ ನೆಲದ ಮೇಲೆ ಬಿದ್ದಿದ್ದ. ತಲೆಯ ಕೆಳಗೆ ರಕ್ತ. ವ್ಯಾಯಾಮದ ಸೈಕಲ್ಲಿನ ಸೀಟು ಮುರಿದು ಕಿಟಕಿಯ ಕೆಳಗೆ ಉರುಳಿತ್ತು. ಪೆಡಲು ಇನ್ನೂ ತಿರುಗುತ್ತಿತ್ತು.

ಮಂಡಿನೋವಿಗೆ ಮನೆಯಲ್ಲೇ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದರು. ಮೊಬೈಲಿನಲ್ಲಿ ಹುಡುಕಿ ತರಿಸಿದವಳು ಅವಳೇ. ಸ್ಪ್ಯಾನರ್ ಹಿಡಿದು ಜೋಡಿಸಿದವಳೂ ಅವಳೇ. ಕೊಳ್ಳುವ ಮೊದಲು ತಮ್ಮನನ್ನು ಒಂದು ಮಾತು ಕೇಳಿದ್ದಳು. ರೇಟಿಂಗ್ ಚೆನ್ನಾಗಿದೆಯಲ್ಲ, ತಗೋ ಎಂದಿದ್ದ.

ಆಸ್ಪತ್ರೆಯವರು ತಿಳಿಸಿದ ಮೇಲೆ ಪೊಲೀಸ್ ಇನ್ಸ್‌ಪೆಕ್ಟರ್ ಮನೆಗೆ ಬಂದು ಮುರಿದ ತುಂಡುಗಳನ್ನು ಕಟ್ಟಿಸಿಕೊಂಡರು. ಮಾರಿದವನಿಗೆ ಫೋನ್ ಮಾಡಿದರು. ಜೋಡಿಸಿದವರ ತಪ್ಪು ಎಂದು ಅವನು ಕೈತೊಳೆದುಕೊಂಡ. ಇನ್ಸ್‌ಪೆಕ್ಟರ್ ಅವಳ ಕಡೆ ತಿರುಗಿದರು.

"ಇಷ್ಟೊಂದು ಜನ ಐದು ಸ್ಟಾರ್ ಕೊಟ್ಟಿದಾರಮ್ಮ. ಯಾರ ಮನೇಲೂ ಮುರೀದೇ ಇದ್ದಿದ್ದು ನಿಮ್ಮ ಮನೇಲೇ ಯಾಕೆ ಮುರೀತು?"



*

ಗಂಡನಿಗೆ ಪ್ರಜ್ಞೆ ಬಂದಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು.

"ನಟ್ಟು ಸರಿಯಾಗಿ ಬಿಗಿ ಮಾಡಿದ್ದೆ ತಾನೇ?"

ಹೂಂ ಎಂದಳು. ಆಮೇಲೆ ಅವಳಿಗೇ ಅನುಮಾನ ಬಂತು. ಬಿಗಿ ಮಾಡಿದ್ದೆನೇ? ಆ ಹೊತ್ತಿಗೆ ಯಾರೋ ಗಿರಾಕಿ ಕರೆದಿರಲಿಲ್ಲವೇ? ಯೋಚಿಸಿದಷ್ಟೂ ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಯಿತು. ಫ್ಲಾಸ್ಕ್ ತಂದ ತಮ್ಮ ಮುಖ ಎತ್ತದೆ ಕುಳಿತಿದ್ದ. ಭಾವನ ಚಿಂತೆ ಇರಬೇಕು, ಪಾಪ, ಎಂದುಕೊಂಡಳು.

ಸುಮ್ಮನಿರಲಾರದೆ ಮೊಬೈಲಿನಲ್ಲಿ ಆ ಸೈಕಲ್ಲಿನ ರಿವ್ಯೂಗಳನ್ನು ತೆರೆದಳು. ಅಂದು ನೋಡಿದ್ದು ಮೇಲಿನ ಅಂಕಿಯನ್ನಷ್ಟೇ. ಇಂದು ಹೊಲಿಗೆ ಬಿಚ್ಚುವ ಹಾಗೆ ಒಂದೊಂದೇ ಓದಿದಳು.

ಐದು ಸ್ಟಾರಿನವರು ಬರೆದದ್ದೆಲ್ಲ ಒಂದೇ ರಾಗ. ಬೇಗ ಬಂತು. ಪ್ಯಾಕಿಂಗ್ ಸೂಪರ್. ನೋಡೋಕೆ ಚೆಂದ. ತುಳಿದೆ, ಬೆವರಿದೆ ಎಂದವನು ಒಬ್ಬನೂ ಇಲ್ಲ. ಡಬ್ಬ ಬಿಚ್ಚಿದ ಖುಷಿಗೇ ಸ್ಟಾರು. ಅದೂ ಎಲ್ಲವೂ ಒಂದೇ ವಾರದಲ್ಲಿ ಬಂದವು.

ಮೂರು ಸ್ಟಾರಿನವರು ಬೇರೆ. ಪೆಡಲು ಹಗುರ, ಸದ್ದಿಲ್ಲ ಎಂದು ಹೊಗಳಿದ ಮೇಲೆ, ಎರಡು ತಿಂಗಳಿಗೆ ಸೀಟಿನ ಕೆಳಗೆ ಕಿರುಗುಟ್ಟುತ್ತಿದೆ ಎಂದಿದ್ದರು. ಒಬ್ಬ ಹೆಂಗಸು ವೆಲ್ಡಿಂಗ್ ಬಿರುಕು ಕಂಡು ಹತ್ತುವುದನ್ನೇ ಬಿಟ್ಟಿದ್ದಳು. ಕೊಂಕು ತೆಗೆಯುವ ಜನ ಎಂದು ಅಂದು ಇವರನ್ನೇ ಓದದೆ ದಾಟಿಕೊಂಡು ಹೋಗಿದ್ದಳು.

ಹೊಗಳಿದವರ ಫೋಟೋಗಳನ್ನು ನೋಡಿದಳು. ಯಾವ ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ. ಹಿಂದೆ ಒಂದು ಕಿಟಕಿ ಪರದೆ. ಇನ್ನೊಂದು ಹೆಸರು, ಇನ್ನೊಂದು ಫೋಟೋ, ಅದೇ ಪರದೆ. ಅದರ ಅಂಚಿನಲ್ಲಿ ಹೂಗಳು ತಲೆಕೆಳಗಾಗಿದ್ದವು.

ಅದು ತಮ್ಮನಿಗೆ ಹೊಲಿದುಕೊಟ್ಟ ಪರದೆ. ಬಟ್ಟೆ ಸಾಲದೆ ತುಂಡೊಂದನ್ನು ತಿರುಗಾಮುರುಗಾ ಜೋಡಿಸಿ, ಒಂಟಿ ಗಂಡಸಿನ ರೂಮಿನಲ್ಲಿ ಯಾರು ನೋಡ್ತಾರೆ ಎಂದು ನಕ್ಕವಳು ಅವಳೇ.

ತಮ್ಮ ಇನ್ನೂ ತಲೆ ತಗ್ಗಿಸಿಯೇ ಕುಳಿತಿದ್ದ.

"ಏಳು. ಸ್ಟೇಷನ್ನಿಗೆ ಹೋಗಿ ಬರೋಣ," ಎಂದಳು.

*

ಇನ್ಸ್‌ಪೆಕ್ಟರರ ಮೇಜಿನ ಮೇಲೆ ಮೊಬೈಲಿಟ್ಟು, ತಾನು ಓದಿದ ಕ್ರಮದಲ್ಲೇ ವಿವರಿಸಿದಳು.  ಪರದೆ ಯಾರ ರೂಮಿನದು ಎಂಬುದನ್ನೂ ಹೇಳಿ ಮುಗಿಸಿದಳು.

ಅವರು ಮುರಿದ ತುಂಡುಗಳನ್ನು ತರಿಸಿದರು. ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರು. ಅದು ಜಗ್ಗಲಿಲ್ಲ. ಪೈಪು ಮುರಿದದ್ದು ವೆಲ್ಡಿಂಗಿನ ಹತ್ತಿರ. ಬಿರುಕಿನೊಳಗೆ ತುಕ್ಕು. ಬಿರುಕು ಹಳೆಯದು, ನಿಮ್ಮ ಕೈಯದಲ್ಲ ಎಂದರು.

ಆಮೇಲೆ ತಮ್ಮನ ಕಡೆ ತಿರುಗಿದರು. ಅವನು ಒದರಿಬಿಟ್ಟ. ಬಿರುಕಿನ ದೂರುಗಳು ಶುರುವಾದಾಗ ಮಾರುವವನು ಒಂದು ಸೈಕಲ್ಲನ್ನು ಇವನ ರೂಮಿಗೆ ಕಳಿಸಿದ್ದ. ದುಡ್ಡು ತಗೊಂಡು ಫೋಟೋ ತೆಗೆದು, ಬೇರೆ ಬೇರೆ ಹೆಸರಲ್ಲಿ ಹೊಗಳಿ ಬರೆದು, ಇವನು ಅದನ್ನು ವಾಪಸು ಕಳಿಸಿದ್ದ. ಇನ್ಸ್‌ಪೆಕ್ಟರ್ ಮಾರುವವನ ಗೋದಾಮಿಗೆ ಜೀಪು ಓಡಿಸಿದರು.

"ತಗೊಳ್ಳೋ ಮುಂಚೆ ನಿನ್ನನ್ನೇ ಕೇಳಿದ್ನಲ್ಲೋ. ಬೇಡ ಅನ್ನೋಕೆ ಬಾಯಿ ಬರಲಿಲ್ವಾ?"

"ಬೇಡ ಅಂದಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ ಅಕ್ಕಾ."

ಮೊಬೈಲು ಬಡಿದುಕೊಂಡಿತು. ಅತ್ತೆ. ಮಗ ಇನ್ನೂ ಕಣ್ಣು ಬಿಟ್ಟಿಲ್ಲ ಎಂದರು.

"ಅತ್ತೆ, ನಟ್ಟು ಬಿಗಿಯಾಗೇ ಇತ್ತು."

"ಹಾಗಾದ್ರೆ ತಪ್ಪು ಯಾರದಮ್ಮಾ?"

ಟೈಲರಮ್ಮ ಫೋನನ್ನು ತಮ್ಮನ ಮುಂದೆ ಚಾಚಿದಳು.

"ನೀನೇ ಹೇಳು. ಈ ಸಲ ನಿನ್ನ ಹೆಸರಲ್ಲೇ."