ಖಾಲಿ ಮಶೀನಿಗೆ ಏಳು ಸಾಲು

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಮಾಂತು ನನಗೆ ಮೂರು ಸಲ ಆಗಂಗಿಲ್ಲ ಅಂದಿದ್ದ. ಮೂರು ಸಲವೂ ನಗುನಗುತ್ತಲೇ ಅಂದ. ನನ್ನ ಪಿತ್ತ ನೆತ್ತಿಗೇರಿದ್ದು ಆ ನಗುವಿಗೆ.

ಪುಣೆಯ ಹಡಪಸರದ ನಮ್ಮ ಆಫೀಸಿನಲ್ಲಿ ನಾನು ವೆಬ್‌ಸೈಟಿನ ಮುಂದಿನ ಮುಖ ಕಟ್ಟುವವಳು: ಬಟನ್ನು, ಫಾರ್ಮು, ಬಣ್ಣ. ಅವನದು ಬಿಲ್ಡ್. ನಾವು ಬರೆದದ್ದು ಜನರನ್ನು ತಲುಪುವ ಮೊದಲು ಅವನ ಮಶೀನಿನಲ್ಲಿ ಕಟ್ಟಿಸಿಕೊಂಡು ಬರಬೇಕು. ಆ ಮಶೀನಿಗೆ ಇಂಟರ್‌ನೆಟ್ ಇಲ್ಲ, ಹಳೆಯ ನೆನಪಿಲ್ಲ, ಪ್ರತಿ ಸಲ ಖಾಲಿಯಿಂದಲೇ ಶುರು. ನಾವು ಬಳಸುವ ಸಾವಿರಾರು ಪ್ಯಾಕೇಜುಗಳು, ಅಂದರೆ ಎಲ್ಲೆಲ್ಲಿಯವರೋ ಬರೆದು ಹಂಚಿದ ಸಿದ್ಧ ಕೋಡು, ಯಾವುದು, ಎಷ್ಟನೇ ವರ್ಷನ್ನು ಅಂತ ಲಾಕ್ ಫೈಲಿನಲ್ಲಿ ಬರೆದಿರಬೇಕು. ಬರೆದದ್ದಕ್ಕಷ್ಟೇ ಒಳಗೆ ಜಾಗ. ಇವತ್ತು ಕಟ್ಟಿದರೂ ಮುಂದಿನ ವರ್ಷ ಕಟ್ಟಿದರೂ ಒಂದೇ ಥರ ಬರಬೇಕು ಅನ್ನುವುದು ಅವನ ಹಟ.

"ನನ್ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಓಡ್ತಿದೆಯಲ್ರೀ!"

"ಓಡ್ತದ್ರಿ ಇಂಪನಾ. ಆದ್ರ ನಮ್ಮ ಸೈಟು ತೆರೆಯೂ ಶಿರೂರಿನ ಯಾವುದೋ ಅಜ್ಜ ನಿಮ್ಮ ಲ್ಯಾಪ್‌ಟಾಪ್ ನೋಡಂಗಿಲ್ಲಲ್ರಿ."

ನಾನು ಮಂಡ್ಯದವಳು, ಬಾಯಿ ಜೋರು. ಅವನ ಮನೆಯವರು ವಿಜಯಪುರದ ಕಡೆಯಿಂದ ಅಪ್ಪನ ಕಾಲಕ್ಕೇ ಪುಣೆಗೆ ಬಂದವರು. ಮಹಾಂತೇಶ ಅಂತ ಹೆಸರಿದ್ದರೂ ಎಲ್ಲರಿಗೂ ಮಾಂತು. ಹತ್ತು ಮಾತಿಗೆ ಒಂದು ಉತ್ತರ ಕೊಡುವ ಆಸಾಮಿ. ನಾನು ಜಗಳ ಆಡಿ ತಿರುಗಿ ಕೂತರೆ, ಆರಿದ್ದ ನನ್ನ ಎರಡನೇ ಮಾನಿಟರಿನ ಕಪ್ಪು ಗಾಜಿನಲ್ಲಿ ಅವನು ಕಾಣುತ್ತಿದ್ದ. ಹುಬ್ಬು ಕೆರೆಯುತ್ತಾ ನನ್ನನ್ನೇ ನೋಡುತ್ತಿದ್ದ. ನಾನು ತಟ್ಟನೆ ತಿರುಗಿದರೆ ಸಾಹೇಬರು ಸೀಲಿಂಗ್ ಫ್ಯಾನು ನೋಡುತ್ತಿದ್ದರು. ಆಮೇಲಾಮೇಲೆ ಆ ಮಾನಿಟರನ್ನು ನಾನು ಬೇಕಂತಲೇ ಆರಿಸಿಡತೊಡಗಿದೆ.

"ಅವ್ವ ಇವತ್ತ ಶೇಂಗಾ ಹೋಳಗಿ ಹೆಚ್ಚಿಗಿ ಕಟ್ಯಾಳ್ರಿ," ಅಂತ ವಾರಕ್ಕೆರಡು ಸಲ ಡಬ್ಬಿ ನನ್ನ ಕಡೆ ತಳ್ಳುತ್ತಿದ್ದ.

"ದಿನಾ ಹೆಚ್ಚಾಗೋಕೆ ನಿಮ್ಮ ಅಮ್ಮನಿಗೆ ಲೆಕ್ಕ ತಪ್ಪತ್ತಾ?"

"ವಯಸ್ಸಾಗ್ಯದಲ್ರಿ," ಅನ್ನುತ್ತಿದ್ದ, ಮುಖ ಕೆಂಪು ಮಾಡಿಕೊಂಡು.

ಹೀಗೇ ಆರು ತಿಂಗಳು ಕಳೆಯಿತು. ನನ್ನ ಪ್ರೊಬೇಶನ್ ಮುಗಿಯುವ ಶುಕ್ರವಾರ ಬಂತು. ಅದೇ ದಿನ ಸಂಜೆ ನಾಲ್ಕರೊಳಗೆ ಒಂದು ಕಣ್ಣಿನ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಪುಟ ಹೊರಡಬೇಕಿತ್ತು. ಹೊರಟರೆ ನಾನು ಪರ್ಮನೆಂಟ್, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮಂಡ್ಯ. ಪುಣೆ ಬಿಡುವುದು ಅಂದರೆ ಏನನ್ನು ಬಿಡುವುದು ಅಂತ ನನಗೆ ಅಷ್ಟರಲ್ಲಿ ಚೆನ್ನಾಗಿಯೇ ಗೊತ್ತಾಗಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಆ ಪುಟದ ಮೊದಲ ಬಿಲ್ಡ್ ಫೇಲ್ ಆಯಿತು. ಮಶೀನಿನ ಪರೀಕ್ಷೆಯಲ್ಲಿ ಪುಟದ ಕ್ಯಾಲೆಂಡರು ಒಂದು ದಿನ ಹಿಂದಿನ ತಾರೀಖು ತೋರಿಸುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಸರಿಯಾಗಿತ್ತು.

"ಪ್ಯಾಕೇಜಿನ ಒಳಗ ಕೈ ಹಾಕಿದ್ರೇನ್ರಿ?" ಅಂದ ಮಾಂತು.

ಕೈ ಹಾಕಿದ್ದೆ. ಮೂರು ವಾರದ ಹಿಂದೆ ಆ ಕ್ಯಾಲೆಂಡರ್ ಪ್ಯಾಕೇಜಿನಲ್ಲಿ ತಪ್ಪು ಕಂಡು, ನನ್ನ ಲ್ಯಾಪ್‌ಟಾಪಿನಲ್ಲಿದ್ದ ಅದರ ಫೋಲ್ಡರನ್ನೇ ತೆರೆದು ತಿದ್ದಿ, ಮರೆತೇಬಿಟ್ಟಿದ್ದೆ. ಆ ಫೋಲ್ಡರು ನಮ್ಮ ಕೋಡಿನ ಜೊತೆ ಹೋಗುವುದಿಲ್ಲ. ಅವನ ಮಶೀನು ಲಾಕ್ ಫೈಲು ನೋಡಿ ಆಫೀಸಿನ ಸಂಗ್ರಹದಿಂದ ಮೂಲ ಪ್ಯಾಕೇಜನ್ನು ತಂದುಕೊಂಡಿತ್ತು, ತಪ್ಪಿನ ಸಮೇತ.

"ನನ್ ಫೋಲ್ಡರ್ ಹಾಗೇ ನಿಮ್ಮ ಮಶೀನಿಗೆ ಕಾಪಿ ಮಾಡಿ. ಒಂದೇ ಒಂದ್ಸಲ, ಪ್ಲೀಸ್."

"ಆಗಂಗಿಲ್ರಿ."

"ನಿಮಗೆ ಮನುಷ್ಯರಿಗಿಂತ ಮಶೀನೇ ಹೆಚ್ಚಾ?"

ಅವನ ಮುಖ ಸಣ್ಣದಾಯಿತು. ಎದ್ದು ಎಲ್ಲೋ ಹೋದ. ನಾನು ಮೇಜಿಗೆ ಹಣೆ ಒತ್ತಿ ಕೂತೆ. ಹತ್ತು ನಿಮಿಷಕ್ಕೆ ಅವನ ಕುರ್ಚಿ ಸರಿಯುವ ಸದ್ದು ನನ್ನ ಪಕ್ಕದಲ್ಲೇ ಕೇಳಿತು.

"ನಾ ಈಗ ಕದ್ದು ಹಾಕಿದ್ರ, ಮುಂದಿನ ಬಿಲ್ಡಿನ್ಯಾಗ ಮತ್ತ ಮುರೀತದ. ಅವತ್ತ ನಾ ರಜಾದಾಗ ಇದ್ರ ನೀವ ಒಬ್ಬರ ಸಿಕ್ಕೊಂತೀರಿ. ತಗೀರಿ ಲ್ಯಾಪ್‌ಟಾಪ್."

ಮೂಲ ಪ್ಯಾಕೇಜನ್ನೂ ನಾನು ತಿದ್ದಿದ್ದನ್ನೂ ಎದುರುಬದುರು ಇಟ್ಟು ಹುಡುಕಿದೆವು. ಊಟದ ಹೊತ್ತು ದಾಟಿತು, ಅವನ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಕೊನೆಗೆ ವ್ಯತ್ಯಾಸ ಇದ್ದದ್ದು ಏಳೇ ಸಾಲು.

"ಈ ಏಳು ಸಾಲು ಬ್ಯಾರೆ ಫೈಲಿನ್ಯಾಗ ಇಡ್ರಿ. ಮಶೀನು ಮೂಲ ಪ್ಯಾಕೇಜು ತಗೊಂಡು, ಪ್ರತಿ ಸಲ ಇದನ್ನ ತಾನ ಹಚ್ಚಿಕೊಂತದ. ಮ್ಯಾಲ ಯಾಕ ಬದಲ್ ಮಾಡಿದ್ರಿ ಅಂತ ಬರೀರಿ. ನಿಮ್ಮ ಹೆಸರೂ ಹಾಕ್ರಿ."

"ತಪ್ಪು ಮಾಡಿದ್ದಕ್ಕೆ ಹೆಸರು ಬೇರೆ ಕೇಡು."

"ತಪ್ಪಿಗಲ್ರಿ. ಅಷ್ಟು ಮಂದಿ ಬಳಸೂ ಪ್ಯಾಕೇಜಿನ್ಯಾಗ ತಪ್ಪು ಹಿಡಿದವರು ನೀವ. ಇದನ್ನ ಅವರಿಗೂ ಕಳಸೂಣು. ಅದಕ್ಕ ಹೆಸರು."

ಟೈಪ್ ಮಾಡುತ್ತಾ ನನ್ನ ಕಣ್ಣು ಮಂಜಾಯಿತು. ಅವನು ಅದನ್ನು ನೋಡಿಯೂ ನೋಡದಂತೆ ನೀರಿನ ಬಾಟಲಿ ಇತ್ತ ಸರಿಸಿದ.

ಮೂರೂ ಇಪ್ಪತ್ತಕ್ಕೆ ಬಿಲ್ಡ್ ಪಾಸಾಗಿ ಹಸಿರಾಯಿತು. ಪುಟ ಹೊರಟಿತು.

ನಮ್ಮ ಟೀಮ್ ಲೀಡ್ ಸ್ನೇಹಲ್ ನನ್ನನ್ನು ಕರೆದು ಕೈಕುಲುಕಿ, ಪರ್ಮನೆಂಟ್ ಆಯಿತು ಅಂದಳು. ಆಮೇಲೆ ಬೆಳಿಗ್ಗೆ ನಡೆದದ್ದನ್ನು ಹೇಳಿದಳು. ಮಾಂತು ಎದ್ದು ಹೋಗಿದ್ದು ಅವಳ ಹತ್ತಿರಕ್ಕೇ ಅಂತೆ. ಪುಟ ತಡವಾದರೆ ತಪ್ಪಿಗೆ ತನ್ನ ಹೆಸರು ಬರೆಯಿರಿ, ಹೊಸಬರಿಗೆ ಇದನ್ನೆಲ್ಲ ಕಲಿಸುವುದು ತನ್ನ ಕೆಲಸ, ತಾನು ಕಲಿಸಿರಲಿಲ್ಲ ಅಂದನಂತೆ. ಮನುಷ್ಯರಿಗಿಂತ ಮಶೀನೇ ಹೆಚ್ಚಾ ಅಂತ ನಾನು ಕೇಳಿದ ಮರುಗಳಿಗೆಯ ಮಾತು ಅದು.

ಎದೆ ತುಂಬಿಕೊಂಡು ಹೊರಗೆ ಬಂದೆ. ಆರು ತಿಂಗಳಲ್ಲಿ ನನಗಾಗಿ ಯಾರಾದರೂ ಹೀಗೆ ನಿಂತಿದ್ದು ಇದೇ ಮೊದಲು. ಸೀದಾ ಅವನ ಕುರ್ಚಿಯ ಮುಂದೆ ಹೋಗಿ ನಿಂತೆ.

"ಥ್ಯಾಂಕ್ಸ್ ಬ್ಯಾಡ್ರಿ," ಅಂದ ಸ್ಕ್ರೀನ್ ನೋಡುತ್ತಾ.

"ಜನ್ಮವಿಡೀ ಹೇಳ್ತೀನಿ, ಅದು ಬೇರೆ ಮಾತು. ಈಗ ಬಂದಿದ್ದು ನಿಮ್ಮನ್ನ ಇಷ್ಟಪಡ್ತೀನಿ ಅಂತ ಹೇಳೋಕೆ."

ಅವನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಮೊದಲ ಸಲ ಫ್ಯಾನು ನೋಡದೆ ನನ್ನ ಕಣ್ಣು ನೋಡಿದ. ಆ ನೋಟಕ್ಕೆ ನನ್ನ ಬಾಯಿಯ ಜೋರೆಲ್ಲ ಇಳಿದು ಹೋಯಿತು.

"ಕೆಲಸ ಉಳಿದ ಖುಷಿಗೆ ಅಂದಿರ್ಬೇಕ್ರಿ," ಅಂದ ಮೆಲ್ಲಗೆ. "ಇವತ್ತ ಹೇಳಿದ್ದು ನಾಳೆನೂ ಹಿಂಗ ಇರ್ತದೇನು?"

"ನಾಳೆ ಬಂದು ಮತ್ತೆ ಹೇಳ್ತೀನಿ, ಚೆಕ್ ಮಾಡ್ಕೊಳ್ಳಿ."

"ನಾಳೆ ಶನಿವಾರ್ರಿ. ಆಫೀಸ್ ಇಲ್ಲ."

"ನಿಮ್ಮ ಮನೆ ಇದೆಯಲ್ಲ."

ಬೆಳಿಗ್ಗೆ ಒಂಬತ್ತಕ್ಕೆ ಯೆರವಡಾದ ಅವನ ಮನೆ ಮುಂದೆ ರಿಕ್ಷಾ ಇಳಿದೆ. ಬಾಗಿಲು ತೆಗೆದವರು ಅವನ ಅವ್ವ ಭೀಮವ್ವ, ಕೈಯೆಲ್ಲ ಜೋಳದ ಹಿಟ್ಟು. ಅವರ ಹಿಂದೆ ಮಾಂತು, ಹೆಗಲ ಮೇಲೆ ಟವೆಲ್ಲು, ಮುಖದ ಮೇಲೆ ಅರ್ಧ ಸೋಪು. ಒಂದು ಕ್ಷಣ ತಡೆದರೆ ಧೈರ್ಯ ಓಡಿಹೋಗುತ್ತದೆ ಅನ್ನಿಸಿತು. ಅವರ ಭುಜದ ಮೇಲಿಂದಲೇ ಹೇಳಿದೆ.

"ಮಾಂತು, ನಿನ್ನೆ ಹೇಳಿದ್ದೇ ಇವತ್ತೂ. ನಿಮ್ಮನ್ನ ಇಷ್ಟಪಡ್ತೀನಿ."

ಭೀಮವ್ವ ಮಗನನ್ನು ನೋಡಿದರು, ನನ್ನನ್ನು ನೋಡಿದರು.

"ಆರು ತಿಂಗಳಿಂದ ಇವಾ ಇದನ್ನ ನನಗ ಹೇಳಾಕತ್ತಾನ. ನಿನಗ ಹೇಳಿಲ್ಲೇನ ತಂಗಿ?"

ಮಾಂತು ಮುಖ ಒರೆಸಿಕೊಂಡು ಮುಂದೆ ಬಂದ. ಅಲ್ಲೇ ಹೊಸ್ತಿಲಲ್ಲಿ, ಅವ್ವನ ಎದುರಿಗೇ, ಆರು ತಿಂಗಳದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.