ಕತ್ತೆಯ ಕಾಲು ತೊಳೆದ ತೆಕ್ಲ

ಏಳು ಬೆಟ್ಟಗಳಾಚೆ, ಯಾವ ಸಂತೆಯ ದಾರಿಯೂ ಮುಟ್ಟದ ಕಡೆ, ಬಿಳಿಗೋಪುರವೆಂಬ ರಾಜ್ಯವಿತ್ತು. ಅಲ್ಲಿನ ರಾಜ ಊರಿಗೆ ಮರಳಿದಾಗಲೆಲ್ಲ ಮೊದಲು ಬಾಗಿಲು ಕಾಯುವವನ ಕಾಲು ತೊಳೆಯುತ್ತಿದ್ದ. ಆಮೇಲೆ ಆ ಕಾವಲುಗಾರ "ರಾಜ ಬಂದ!" ಎಂದು ಕೂಗಬೇಕು. ಬಾಗಿಲು ಕಾಯುವ ಆ ಮನೆತನದವರ ಕೂಗಿಲ್ಲದೆ ಕಿರೀಟ ಯಾರ ತಲೆಯ ಮೇಲೂ ನಿಲ್ಲುತ್ತಿರಲಿಲ್ಲ.

ಒಮ್ಮೆ ರಾಜ "ಬಂದೇ ಬರ್ತೀನಿ" ಎಂದು ಹೇಳಿ ಕಡಲಾಚೆ ಹೋದ. ಏಳು ವರ್ಷವಾಯಿತು. ಆಗ ಮಸಿಕೇತನೆಂಬ ಮಾಟಗಾರ ರಾಜನ ಮುಖ, ರಾಜನ ದನಿ ಕದ್ದು ಬಂದ. ಊರೆಲ್ಲ ಅಡ್ಡಬಿತ್ತು. ಬಾಗಿಲು ಕಾಯುವ ಚೌರಪ್ಪ ಮಾತ್ರ ತಂಬಿಗೆ ನೀರಿಟ್ಟು ಕಾಲು ಚಾಚಿದ.

"ನಾನು? ನಿನ್ನ ಕಾಲು?" ಎಂದು ಮಸಿಕೇತ ಸಿಡಿದು ಅವನನ್ನು ಕತ್ತೆ ಮಾಡಿದ. ಅನುಮಾನಪಟ್ಟ ಹತ್ತು ಮಂದಿ ಕುರಿ, ಮೇಕೆಗಳಾದರು. ಆದರೆ ಕತ್ತೆ ಕೂಗಿದರೆ ಕಿರೀಟ ನಿಲ್ಲುತ್ತದೆಯೇ? ಅದು ಜಾರಿ ಜಾರಿ ಮಸಿಕೇತನ ಮೂಗಿನ ಮೇಲೆ ಕೂತಿತು. ಇನ್ನು ಕೂಗಬಲ್ಲವಳು ಚೌರಪ್ಪನ ಮಗಳು ತೆಕ್ಲ ಒಬ್ಬಳೇ.

ಮಸಿಕೇತ ಕಲ್ಲುಗಳನ್ನು ಬಿಸಿ ರೊಟ್ಟಿ ಮಾಡಿದ. "ತಿನ್ನು. ಕೂಗು."

"ಹಸಿದವರು ತಿನ್ನಲಿ. ನೀನು ಮೊದಲು ಕಾಲು ತೊಳಿ," ಎಂದಳು ತೆಕ್ಲ.

ಅವನು ಗೋಪುರದ ತುದಿಯಿಂದ ಹಾರಿ ಹೂವಿನಂತೆ ಇಳಿದ. ಜನ ಚಪ್ಪಾಳೆ ತಟ್ಟಿದರು. "ಈಗ ಕೂಗು."

"ಹಾರೋದು ಕಾಗೆಗೂ ಬರುತ್ತೆ. ನಿನಗೆ ಬಗ್ಗೋದು ಬರುತ್ತಾ?"

ಮೂರನೆಯ ಸಲ ಕತ್ತೆಯನ್ನೇ ಎಳೆದು ತಂದ. "ಒಂದು ಕೂಗು ಹಾಕು, ನಿನ್ನಪ್ಪ ನಿನಗೆ. ಇಲ್ಲವೋ, ಸಾಯೋವರೆಗೂ ಇವನು ಕತ್ತೆಯೇ."

ಅಪ್ಪನ ಕಣ್ಣು ಅವಳನ್ನೇ ನೋಡುತ್ತಿತ್ತು. ತೆಕ್ಲಳ ಎದೆ ಒಡೆಯಿತು. "ಒಂದು ಸುಳ್ಳು ಹೇಳಿಬಿಡೇ, ನಿನ್ನ ಗಂಟೇನು ಹೋಗುತ್ತೆ?" ಎಂದು ನೆರೆಯವರು ಬೈದರು.

"ಹೇಳಲ್ಲ!" ಅವಳು ಅಳುತ್ತಲೇ ಕಿರುಚಿದಳು. "ನಮ್ಮ ರಾಜ ಬರ್ತಾನೆ. ಅಲ್ಲೀವರೆಗೆ ಅವನ ಕೆಲಸ ನಾನು ಮಾಡ್ತೀನಿ."

ಮಂಡಿಯೂರಿ, ತಂಬಿಗೆ ಬಗ್ಗಿಸಿ, ಕತ್ತೆಯ ಕೆಸರುಗಾಲು ತೊಳೆದಳು. ಗೊರಸು ಹೋಗಿ ಬೆರಳು ಬಂತು. ನಾಲ್ಕನೆಯ ಕಾಲು ಮುಗಿಯುವಷ್ಟರಲ್ಲಿ ಚೌರಪ್ಪ ಎದ್ದು ನಿಂತಿದ್ದ.

ಜನ ನಾಚಿದರು. ಕೊಡ ಹೊತ್ತು ಓಡಿಬಂದು ಕುರಿ ಮೇಕೆಗಳ ಕಾಲು ತೊಳೆಯತೊಡಗಿದರು. ಇಡೀ ಊರು ಬಗ್ಗಿತ್ತು, ಸೆಟೆದು ನಿಂತವನು ಮಸಿಕೇತನೊಬ್ಬನೇ. ಕಿರೀಟ ಠಣ್ಣನೆ ಬಿತ್ತು. ಕದ್ದ ಮುಖ ಕಳಚಿತು. ಅವನು ಮಸಿಯಾಗಿ ಗಾಳಿಗೆ ಹಾರಿಹೋದ.

ಕೊನೆಯ ಮೇಕೆಯ ಕಾಲು ತೊಳೆಯುತ್ತಿದ್ದ ದಾರಿಹೋಕನೊಬ್ಬ ಆಗ ತಲೆಯೆತ್ತಿದ. ಮೈತುಂಬ ಧೂಳು. ಅವನು ತಂಬಿಗೆ ಹಿಡಿದು ಬಂದು ತೆಕ್ಲಳ ಮುಂದೆ ಮಂಡಿಯೂರಿದ.

"ಇಷ್ಟು ದಿನ ಎಲ್ಲಿದ್ದೆ?" ಎಂದು ಅವಳು ಗದರಿದಳು.

"ಬಂದೆನಲ್ಲ ತಾಯಿ. ಬಾಗಿಲು ಕಾದವಳು ನೀನು. ಕಾಲು ಕೊಡು."

"ರಾಜ ಬಂದ!" ಎಂದು ತೆಕ್ಲ ಕೂಗಿದಳು. ಏಳು ಬೆಟ್ಟಕ್ಕೂ ಕೇಳಿಸಿತು. ಆಮೇಲೆ ಬಿಳಿಗೋಪುರದಲ್ಲಿ ಎಲ್ಲರೂ ಸುಖವಾಗಿದ್ದರು, ಎಲ್ಲರ ಕಾಲೂ ಚೊಕ್ಕವಾಗಿತ್ತು.